ಓಂಕಾರಮೂರ್ತಿಗಳ ಹತ್ತೊಂಬತ್ತು ತೀರ್ಪುಗಳು

ಬೆಳಗ್ಗೆ ಒಂಬತ್ತೂವರೆಗೆ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಸಣ್ಣದೊಂದು ಚೌಕ ಮೂಡಿತು. ಹೊಸ ಆವೃತ್ತಿ ಬಂದಿದೆ, ಈಗಲೇ ಅಪ್‌ಡೇಟ್ ಮಾಡಲೇ ಎಂದು ಅದು ವಿನಯದಿಂದ ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ: ಒಂದು 'ಹೌದು', ಇನ್ನೊಂದು 'ಆಮೇಲೆ'. ತರೀಕೆರೆಯ ವಕೀಲ ಓಂಕಾರಮೂರ್ತಿ ಆರು ತಿಂಗಳಿಂದ ದಿನವೂ 'ಆಮೇಲೆ' ಒತ್ತಿಕೊಂಡೇ ಬಂದವರು. ಇಪ್ಪತ್ತೆರಡು ವರ್ಷ ಕೋರ್ಟಿನಲ್ಲಿ ವಾಯಿದೆ ಕೇಳಿದವರಿಗೆ ಅದೇನೂ ಕಷ್ಟದ ಕೆಲಸವಲ್ಲ.

ಆವತ್ತೂ ಒತ್ತುವವರೇ ಇದ್ದರು. ಬೆರಳು ಮೌಸಿನ ಮೇಲಿತ್ತು. ಅಷ್ಟರಲ್ಲಿ ಹೆಂಡತಿ ಅನಿತಾಳ ಫೋನು ಬಂತು. ಕಚೇರಿಯ ಒಳಗೆ ಸಿಗ್ನಲ್ ಸಿಗುವುದಿಲ್ಲ, ಮೆಟ್ಟಿಲ ಮೇಲೆ ನಿಲ್ಲಬೇಕು. ಎದ್ದು ಹೋದರು.

"ಏನ್ರೀ, ದೊಡ್ಡಪ್ಪನ ಟ್ರ್ಯಾಕ್ಟರು ಇವತ್ತು ಇನ್ನೆರಡು ತೆಂಗಿನ ಸಸಿ ತುಳ್ಕೊಂಡು ಹೋಯ್ತು. ಒಟ್ಟು ಹನ್ನೊಂದಾಯ್ತು. ಕಲ್ಲುಕಂಬ ತಂದು ಕೆಡವಿ ಮೂರು ತಿಂಗ್ಳಾಯ್ತು, ಬೇಲಿ ಯಾವತ್ತು ಹಾಕ್ಸೋದು?"

"ಸ್ವಲ್ಪ ತಡ್ಕೊಳ್ಳೇ. ಇವತ್ತು ಆರ್ಗ್ಯುಮೆಂಟ್ ಕೊಟ್ಬಿಡ್ತೀನಿ. ಕೇಸು ಗೆದ್ರೆ ನಿಮ್ಮ ದೊಡ್ಡಪ್ಪ ತಾನಾಗೇ ಆ ಕಡೆ ದಾರೀಲಿ ಓಡಾಡ್ತಾರೆ. ಆಮೇಲೆ ಬೇಲಿ ಹಾಕಿದ್ರೆ ಮನಸ್ತಾಪ ಇರಲ್ಲ."

"ಒಂಬತ್ತು ವರ್ಷದಿಂದ ಇದೇ ಮಾತು ಕೇಳ್ತಾ ಇದೀನಿ," ಎಂದು ಅನಿತಾ ಫೋನಿಟ್ಟಳು.

ಅವಳ ಮಾತು ಸುಳ್ಳಲ್ಲ. ಬುಕ್ಕಾಂಬುಧಿಯಲ್ಲಿ ಅನಿತಾಳ ಮುತ್ತಜ್ಜನ ಜಮೀನು ಮೂರು ಪಾಲಾಗಿತ್ತು. ನಡುವಿನ ಪಾಲು ದೊಡ್ಡಪ್ಪ ಹನುಮಂತಪ್ಪನದು, ತೆಂಗಿನ ತೋಟ. ಪಡುವಲಲ್ಲಿ ದಾಯಾದಿ ರುದ್ರಮೂರ್ತಿಯ ಹೊಲ. ಮೂಡಲಲ್ಲಿ ತವರಿನಿಂದ ಅನಿತಾಳಿಗೆ ಬಂದ ತುಂಡು. ನಡುವಿನವನು ರಸ್ತೆ ಮುಟ್ಟಬೇಕೆಂದರೆ ಈ ಎರಡರಲ್ಲಿ ಒಂದನ್ನು ದಾಟಲೇಬೇಕು. ಒಂಬತ್ತು ವರ್ಷದ ಹಿಂದೆ ರುದ್ರಮೂರ್ತಿ ಯಾವುದೋ ಮದುವೆ ಊಟದ ಸಿಟ್ಟಿನಲ್ಲಿ ತನ್ನ ಹೊಲಕ್ಕೆ ಬೇಲಿ ಹಾಕಿ ಗಾಡಿದಾರಿ ಮುಚ್ಚಿಬಿಟ್ಟ. ಹನುಮಂತಪ್ಪ ಕೇಸು ಹಾಕಿದ. ಮನೆಯಲ್ಲೇ ವಕೀಲ ಅಳಿಯ ಇರುವಾಗ ಬೇರೆಯವರ ಬಾಗಿಲಿಗೆ ಯಾಕೆ ಹೋಗುತ್ತಾನೆ? ಕೇಸು ಮುಗಿಯುವ ತನಕ ಇರಲಿ ಅಂತ ಟ್ರ್ಯಾಕ್ಟರನ್ನು ಅನಿತಾಳ ಜಮೀನಿನ ಮೇಲೆ ಓಡಿಸತೊಡಗಿದ. ಹಿರಿಯರು, ಬೇಡವೆನ್ನುವ ಹಾಗಿಲ್ಲ. ಹೀಗಾಗಿ ಓಂಕಾರಮೂರ್ತಿ ಈ ಕೇಸು ಗೆಲ್ಲಲೇಬೇಕಿತ್ತು. ಗೆದ್ದರೆ ದೊಡ್ಡಮಾವನಿಗೆ ದಾರಿ, ಹೆಂಡತಿಗೆ ಬೇಲಿ, ತಮಗೆ ಊಟದ ಹೊತ್ತಿನಲ್ಲಿ ನೆಮ್ಮದಿ.

ಗೆಲ್ಲಲು ಹತ್ತೊಂಬತ್ತು ತೀರ್ಪುಗಳು ಸಿದ್ಧವಾಗಿದ್ದವು. ಹಿಂದೆ ಒಮ್ಮೆ ಅವರು ಪುಟದ ಸಂಖ್ಯೆ ತಪ್ಪಾಗಿ ಬರೆದಾಗ ನ್ಯಾಯಾಧೀಶರು ಪುಸ್ತಕ ತರಿಸಿ ನೋಡಿ, "ನೀವು ಹೇಳಿದ ಪುಟದಲ್ಲಿ ಸಾರಾಯಿ ಕೇಸಿದೆ ವಕೀಲರೇ, ದಾರಿ ಎಲ್ಲಿದೆ?" ಎಂದು ಕೇಳಿ ಇಡೀ ಕೋರ್ಟನ್ನು ನಗಿಸಿದ್ದರು. ಆ ನಗು ಬಸ್‌ಸ್ಟ್ಯಾಂಡಿನವರೆಗೂ ಅವರ ಬೆನ್ನು ಬಿಟ್ಟಿರಲಿಲ್ಲ. ಮಾರನೆಯ ದಿನವೇ ಅವರು ಸಂಶೋಧನಾ ವಿದ್ಯಾರ್ಥಿಗಳು ಬಳಸುವ 'ಉಲ್ಲೇಖಮಿತ್ರ' ಎಂಬ ಸಾಫ್ಟ್‌ವೇರ್ ಕೊಂಡರು. ತೀರ್ಪಿನ ಹೆಸರು, ವರ್ಷ, ಸಂಪುಟ, ಪುಟ ಎಲ್ಲವನ್ನೂ ಒಮ್ಮೆ ತುಂಬಿಸಿಟ್ಟರೆ ಸಾಕು, ಬೇಕಾದ ಕಡೆ ಅದೇ ತಂದು ಕೂರಿಸುತ್ತಿತ್ತು. ಇವತ್ತು ಸಂಜೆ ನಾಲ್ಕೂವರೆಗೆ ಲಿಖಿತ ವಾದ ಕೊಡಬೇಕು, ಇನ್ನು ವಾಯಿದೆಯ ಮಾತೇ ಇಲ್ಲ ಎಂದು ನ್ಯಾಯಾಧೀಶರು ಖಡಾಖಂಡಿತವಾಗಿ ಹೇಳಿಯಾಗಿತ್ತು. ವಾದವೂ ಸಿದ್ಧ. ಪ್ರಿಂಟು ತೆಗೆಯುವುದೊಂದೇ ಬಾಕಿ.

ಅವರು ಮೆಟ್ಟಿಲಿಂದ ಒಳಗೆ ಬಂದಾಗ ಕಂಪ್ಯೂಟರ್ ಮುಂದೆ ಅರ್ಫಾತ್ ನಿಂತಿದ್ದ. ಕೆಳಗಿನ ಜೆರಾಕ್ಸ್ ಅಂಗಡಿಯವನು. ನಲವತ್ತು ದಾಟಿದ್ದರೂ ಯಾರ ಯಂತ್ರ ಕಂಡರೂ ಕೈ ತುರಿಸುವ ಜಾತಿ.

"ಸ್ಟೇಪ್ಲರ್ ವಾಪಸ್ ಕೊಡೋಕೆ ಬಂದೆ ಸಾರ್. ಪಾಪ, ಏನೋ ಮೆಸೇಜ್ ಬಂದು ಕಾಯ್ತಾ ಇತ್ತು. ಹೌದು ಅಂತ ಒತ್ತಿದೆ."

"ಏನ್ ಒತ್ತಿದೆ?"

"ಹೌದು, ಅಂತ. ಬಾಗ್ಲಿಗೆ ಬಂದೋರ್ನ ಎಷ್ಟೊತ್ತು ನಿಲ್ಸೋಕಾಗ್ತದೆ ಸಾರ್?"

ಪರದೆಯ ಮೇಲೆ ನೀಲಿ ಗೆರೆಯೊಂದು ಬಲಕ್ಕೆ ತೆವಳುತ್ತಿತ್ತು. ಹನ್ನೆರಡು ಪರ್ಸೆಂಟ್. ಓಂಕಾರಮೂರ್ತಿ ವೈರು ಕೀಳಲು ಕೈ ಹಾಕಿದರು. "ಅಯ್ಯೋ ಸಾರ್, ಮಧ್ಯದಲ್ಲಿ ಕಿತ್ರೆ ಪೂರ್ತಿ ಸತ್ತೋಗ್ತದೆ," ಎಂದು ಅರ್ಫಾತ್ ಕೈ ಹಿಡಿದುಕೊಂಡ. ಆಪರೇಷನ್ ಥಿಯೇಟರಿನ ಹೊರಗೆ ನಿಂತ ನೆಂಟರಂತೆ ಇಬ್ಬರೂ ಆ ಗೆರೆಯನ್ನೇ ನೋಡುತ್ತ ಮುಕ್ಕಾಲು ಗಂಟೆ ನಿಂತರು.

ಗೆರೆ ಮುಗಿಯಿತು. ಓಂಕಾರಮೂರ್ತಿ ತಮ್ಮ ವಾದವನ್ನು ತೆರೆದು ನೋಡಿದರು. ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

ಉಲ್ಲೇಖಮಿತ್ರ ಹೊಸ ಹುಟ್ಟಿನಲ್ಲಿ ಹಳೆಯದನ್ನೆಲ್ಲ ಮರೆತಿತ್ತು. ಅದಕ್ಕೀಗ ತೀರ್ಪು ಅಂದರೆ ಪುಸ್ತಕ, ಕಕ್ಷಿದಾರ ಅಂದರೆ ಲೇಖಕ. ಲೇಖಕರ ಮನೆತನದ ಹೆಸರನ್ನು ಮುಂದಕ್ಕೆ ತಂದು ಉಳಿದದ್ದನ್ನು ಮೊಟಕು ಮಾಡಬೇಕೆಂದು ಯಾರೋ ಅದಕ್ಕೆ ಕಲಿಸಿಬಿಟ್ಟಿದ್ದರು. 'ಸ್ಟೇಟ್ ಆಫ್ ಕರ್ನಾಟಕ' ಇದ್ದ ಕಡೆಯಲ್ಲೆಲ್ಲ 'ಕರ್ನಾಟಕ, ಎಸ್. ಓ.' ಎಂದಿತ್ತು. ಯೂನಿಯನ್ ಆಫ್ ಇಂಡಿಯಾ 'ಇಂಡಿಯಾ, ಯು. ಓ.' ಆಗಿ ಕೂತಿತ್ತು.

ಅರ್ಫಾತ್ ಬಗ್ಗಿ ಓದಿ ಕೇಳಿದ, "ಈ ಕರ್ನಾಟಕ ಎಸ್.ಓ. ಅಂದ್ರೆ ಯಾರು ಸಾರ್? ಸೆಕ್ಷನ್ ಆಫೀಸರಾ?"

ಓಂಕಾರಮೂರ್ತಿ ಗೊಣಗಿದ ಉತ್ತರ ಅಚ್ಚಿಗೆ ಯೋಗ್ಯವಾಗಿರಲಿಲ್ಲ. ಸರಿಪಡಿಸಲು ಉಲ್ಲೇಖಮಿತ್ರದ ಒಳಗೆ ಹೋಗಿ ನೋಡಿದರೆ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಹೊಡೆದರೆ, ನಿಮ್ಮ ಮೊಬೈಲಿಗೆ ಆರಂಕಿಯ ಓಟಿಪಿ ಕಳಿಸಿದ್ದೇವೆ ಎಂದಿತು. ಮೊಬೈಲು ನೋಡಿದರು. ಬಂದಿರಲಿಲ್ಲ. ಆಮೇಲೆ ಹೊಳೆಯಿತು, ಸಾಫ್ಟ್‌ವೇರ್ ಕೊಂಡಾಗ ಕೊಟ್ಟ ನಂಬರಿನ ಸಿಮ್ಮು ಈಗ ಅನಿತಾಳ ಫೋನಿನಲ್ಲಿದೆ.

ಮೆಟ್ಟಿಲಿಗೆ ಓಡಿದರು.

"ಅನಿತಾ, ಒಂದು ಮೆಸೇಜ್ ಬಂದಿರ್ತದೆ ನೋಡು. ಆರು ನಂಬರು. ಬೇಗ ಹೇಳು, ಹತ್ತು ನಿಮಿಷ ಮಾತ್ರ ಟೈಮು."

"ಬಂದಿದೆ," ಎಂದಳು ಅನಿತಾ. ಹಿಂದೆ ಗುದ್ದಲಿಯ ಸದ್ದು ಕೇಳುತ್ತಿತ್ತು. "ನಾನೀಗ ತೋಟದಲ್ಲೇ ಇದೀನಿ. ಪಕ್ಕದೋರ ಬಾಳೆ ಗುಂಡಿ ತೆಗಿಯೋಕೆ ನಾಲ್ಕು ಆಳು ಬಂದವ್ರೆ. ಹೂಂ ಅಂದ್ರೆ ನಮ್ಮ ಕಂಬನೂ ನಿಲ್ಸಿ ಹೋಗ್ತಾರಂತೆ. ಬೇಲಿ ಹಾಕ್ಸಲಾ?"

"ಮೊದ್ಲು ನಂಬರ್ ಹೇಳೇ!"

"ಮೊದ್ಲು ಬೇಲಿ."

"ಇವತ್ತೊಂದಿನ..."

"ನಾಲ್ಕು, ಏಳು, ಒಂದು," ಎಂದು ಹೇಳಿ ಅನಿತಾ ನಿಲ್ಲಿಸಿದಳು. "ಇನ್ನು ಮೂರು ನಂಬರಿದೆ. ಎಂಟು ನಿಮಿಷನೂ ಇದೆ. ಯೋಚ್ನೆ ಮಾಡಿ."

ಇಪ್ಪತ್ತೆರಡು ವರ್ಷದ ವಕೀಲಿಯಲ್ಲಿ ಎಂಥೆಂಥ ಎದುರುಪಕ್ಷದವರನ್ನು ಕಂಡವರು ಓಂಕಾರಮೂರ್ತಿ. ಈ ಎದುರುಪಕ್ಷದ ಮುಂದೆ ಅವರ ಯಾವ ವಾದವೂ ಯಾವತ್ತೂ ನಡೆದದ್ದಿಲ್ಲ.

"ಹಾಕ್ಸು ತಾಯಿ, ಹಾಕ್ಸು! ಇವತ್ತೇ ಹಾಕ್ಸು, ಸಿಮೆಂಟು ಹಾಕಿ ಭದ್ರವಾಗಿ ಹಾಕ್ಸು!"

"ಶೂನ್ಯ, ಎಂಟು, ಎಂಟು," ಎಂದಳು ಅನಿತಾ ಸಂತೋಷದಿಂದ.

ಮೆಟ್ಟಿಲಿನಿಂದ ಕೆಳಗೆ ನೋಡಿದರೆ ಕೋರ್ಟಿನ ಆವರಣದ ಹೊಂಗೆ ಮರ ಕಾಣುತ್ತಿತ್ತು. ಅದರ ಕೆಳಗಿನ ಕಲ್ಲುಬೆಂಚಿನ ಈ ತುದಿಯಲ್ಲಿ ಹನುಮಂತಪ್ಪ, ಆ ತುದಿಯಲ್ಲಿ ರುದ್ರಮೂರ್ತಿ. ಇಬ್ಬರೂ ಬೆನ್ನು ತಿರುಗಿಸಿ ಕೂತಿದ್ದರು. ಇಡೀ ಆವರಣದಲ್ಲಿ ನೆರಳಿದ್ದದ್ದು ಅಲ್ಲೊಂದೇ ಕಡೆ.

ಓಟಿಪಿ ಒಪ್ಪಿಕೊಂಡ ಉಲ್ಲೇಖಮಿತ್ರ ಬಾಗಿಲು ತೆರೆದು ಸಂತಸದ ಸುದ್ದಿಯೊಂದನ್ನು ಕೊಟ್ಟಿತು. ನಿಮ್ಮ ಸಂಗ್ರಹದಲ್ಲಿ ಒಂದೇ ಲೇಖಕರ ಹೆಸರು ಪದೇ ಪದೇ ಬಂದಿತ್ತು, ಅವನ್ನೆಲ್ಲ ಒಟ್ಟು ಸೇರಿಸಿ ಚೊಕ್ಕ ಮಾಡಿದ್ದೇವೆ ಎಂದು. ಸರ್ಕಾರ ಕಕ್ಷಿದಾರನಾಗಿದ್ದ ಒಂಬತ್ತು ತೀರ್ಪುಗಳು ಸೇರಿ ಒಂದಾಗಿಹೋಗಿದ್ದವು. ಹತ್ತೊಂಬತ್ತು ಇದ್ದದ್ದು ಈಗ ಹನ್ನೊಂದು. ಆ ಒಂದರ ಪುಟದ ಸಂಖ್ಯೆ ಯಾವುದೆಂದು ನೋಡಿದರು. ಸಾರಾಯಿ ಕೇಸಿನದು. ಹಳೆಯ ಆ ತಪ್ಪನ್ನು ಅಳಿಸಲು ತಾವೇ ಮರೆತಿದ್ದರು. ಒಂದಾದವನ್ನು ಬೇರ್ಪಡಿಸಲು ಹೆಣಗಾಡುವುದರಲ್ಲೇ ಎರಡು ಗಂಟೆ ಕಳೆಯಿತು.

"ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ಸಾರ್, ಬಟನ್ ಅಲ್ಲೇ ಇದೆ," ಎಂದ ಅರ್ಫಾತ್. ಅಂಗಡಿಯ ಮುಂದೆ ಗಿರಾಕಿ ಕೂಗುತ್ತಿದ್ದರೂ ಅವನು ಕದಲಲಿಲ್ಲ. ತಾನು ಕೆದಕಿದ ಹುತ್ತದ ಹತ್ತಿರ ತಾನೇ ಕಾವಲು ನಿಲ್ಲಬೇಕೆಂಬ ಪ್ರಾಮಾಣಿಕತೆ ಅವನದು.

ಕಂಪ್ಯೂಟರಿನಲ್ಲೇ ಇಪ್ಪತ್ತು ನಿಮಿಷ ವೀಣೆ ಕೇಳಿಸಿದ ಮೇಲೆ ಹೆಲ್ಪ್‌ಲೈನಿನಲ್ಲಿ ಒಂದು ಹೆಣ್ಣುದನಿ ಬಂತು. "ನಮಸ್ಕಾರ ಸರ್, ನಿಮ್ಮ ಪಿಎಚ್‌ಡಿ ಯಾವ ವಿಷಯದಲ್ಲಿ?"

"ಪಿಎಚ್‌ಡಿ ಅಲ್ಲಮ್ಮ. ದಾರಿ ಕೇಸು."

"ದಾರಿ... ಅಂದ್ರೆ ಸಿವಿಲ್ ಎಂಜಿನಿಯರಿಂಗಾ ಸರ್?"

"ಸಿವಿಲ್ಲೇ, ಆದ್ರೆ ಎಂಜಿನಿಯರಿಂಗ್ ಅಲ್ಲ. ಕೋರ್ಟು!"

"ಸರಿ ಸರ್. ನಿಮ್ಮ ಗೈಡ್ ಯಾರು?"

"ನಂಗೆ ಗೈಡ್ ಇಲ್ಲ ತಾಯಿ. ನಾಲ್ಕೂವರೆಗೆ ಕೊಡ್ಬೇಕು, ನನ್ನ ತೀರ್ಪುಗಳು ವಾಪಸ್ ಬೇಕು."

"ಆತಂಕ ಪಡ್ಬೇಡಿ ಸರ್. ನಿಮ್ಮ ದೂರು ದಾಖಲಾಗಿದೆ. ಏಳು ದಿನದೊಳಗೆ ನಮ್ಮ ತಂಡ ಸಂಪರ್ಕಿಸ್ತದೆ. ನಮ್ಮ ಸೇವೆಗೆ ಒಂದರಿಂದ ಐದರವರೆಗೆ ಎಷ್ಟು ಅಂಕ ಕೊಡ್ತೀರಿ?"

ಗಂಟೆ ಒಂದು ಹೊಡೆದಿತ್ತು. ಓಂಕಾರಮೂರ್ತಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಅಳು ಬರುತ್ತಿತ್ತು, ಆದರೆ ಅರ್ಫಾತ್ ಇದ್ದ. ಅವನು ನೋಡಿದ್ದು ಸಂಜೆಯೊಳಗೆ ಸಂತೆಯ ತನಕ ಹೋಗುತ್ತದೆ. ಈಗಿನ್ನು ಉಳಿದದ್ದು ಒಂದೇ ದಾರಿ, ಹಿರಿಯ ವಕೀಲ ಕರಿಸಿದ್ದಪ್ಪನವರು. ಆ ದಾರಿ ಹಿಡಿಯಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಕರಿಸಿದ್ದಪ್ಪನವರು ಎಪ್ಪತ್ತೈದರ ಮನುಷ್ಯ, ಕಂಪ್ಯೂಟರ್ ಮುಟ್ಟಿದವರಲ್ಲ. ಐವತ್ತು ವರ್ಷದಿಂದ ಕಂಡ ಒಳ್ಳೆಯ ತೀರ್ಪುಗಳನ್ನೆಲ್ಲ ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಟ್ಟವರು. ಓಂಕಾರಮೂರ್ತಿ ಸಾಫ್ಟ್‌ವೇರ್ ಕೊಂಡ ದಿನ ವಕೀಲರ ಬಾರ್ ರೂಮಿನಲ್ಲಿ ಎಲ್ಲರೆದುರು ಆ ನೋಟ್‌ಬುಕ್ಕನ್ನು ನೋಡಿ, ಇನ್ನು ಇದನ್ನು ಮ್ಯೂಸಿಯಮ್ಮಿಗೆ ಕೊಡಿ ಸರ್ ಎಂದಿದ್ದರು.

"ಏನಯ್ಯ ಓಂಕಾರ," ಎಂದರು ಕರಿಸಿದ್ದಪ್ಪ, ಬಾರ್ ರೂಮಿನ ಬೆತ್ತದ ಕುರ್ಚಿಯಿಂದ. "ಮ್ಯೂಸಿಯಮ್ಮಿಗೆ ಬಂದಂಗಿದೆ?"

"ಸರ್, ತಪ್ಪಾಯ್ತು. ದಾರಿ ಹಕ್ಕಿನ ತೀರ್ಪುಗಳೆಲ್ಲ ಬೇಕು."

"ಕೊಡಾಣ. ಆದ್ರೆ ಪುಸ್ತಕ ಕೈಗೆ ಕೊಡಲ್ಲ. ನಾನು ಓದ್ತೀನಿ, ನೀನು ಬರ್ಕೋ. ಮೊದ್ಲೊಂದು ಟೀ ಹೇಳು, ಸಕ್ರೆ ಕಮ್ಮಿ."

ಕರಿಸಿದ್ದಪ್ಪನವರು ಮಹಡಿ ಹತ್ತಿ ಬಂದು ಕೂತರು. ಅರ್ಫಾತ್ ಟೈಪು ಮಾಡಲು ಕೂತ. ಮೊದಲ ತೀರ್ಪಿನ ಹೆಸರು ಓದಿದ ಕರಿಸಿದ್ದಪ್ಪನವರು ಕನ್ನಡಕ ತೆಗೆದು, "ಈ ಜಡ್ಜ್‌ಮೆಂಟ್ ಬಂದ ವರ್ಷ ನಾನು ಕಡೂರಲ್ಲಿ ಪ್ರಾಕ್ಟೀಸ್ ಮಾಡ್ತಿದ್ದೆ ಕಣಯ್ಯ. ಆಗ ಅಲ್ಲಿ ಕೋರ್ಟಿನ ಸಮನ್ಸ್ ಹಂಚೋ ಅಮೀನ ಒಬ್ಬ ಇದ್ದ..." ಎಂದು ಶುರು ಮಾಡಿದರು. ಅಮೀನ ಮುಗಿದು ಅಮೀನನ ಮಗಳ ಮದುವೆ ಮುಗಿಯುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಎರಡನೆಯ ತೀರ್ಪಿನ ಜೊತೆ ಒಂದು ಎತ್ತಿನ ಜೋಡಿಯ ಕತೆ ಬಂತು. ಮಧ್ಯೆ ಬಾಯಿ ಹಾಕಿದರೆ ನೋಟ್‌ಬುಕ್ಕು ಮುಚ್ಚುತ್ತಿದ್ದರು. ಓಂಕಾರಮೂರ್ತಿ ಗಡಿಯಾರದ ಕಡೆ ಒಂದು ಕಣ್ಣು, ಕರಿಸಿದ್ದಪ್ಪನವರ ಕಡೆ ಒಂದು ಕಣ್ಣು ಇಟ್ಟು, "ಹೌದಾ ಸರ್? ಆಮೇಲೆ ಸರ್?" ಎನ್ನುತ್ತ ಬೆವರುತ್ತಿದ್ದರು.

ಎರಡೂವರೆಗೆ ನಾಲ್ಕನೇ ಟೀ ಹೇಳಲು ಮೆಟ್ಟಿಲಿಗೆ ಬಂದಾಗ ಕೆಳಗೆ ಬೆಂಚಿನ ಮೇಲೆ ಹನುಮಂತಪ್ಪ ನಡುವಿಗೆ ಜರುಗಿದ್ದ, ರುದ್ರಮೂರ್ತಿಯೂ ಜರುಗಿದ್ದ. ಬಿಸಿಲು ತಿರುಗಿ ನೆರಳು ಕಿರಿದಾಗಿತ್ತು. ರುದ್ರಮೂರ್ತಿ ಕಿವಿಯಲ್ಲಿದ್ದ ಫೋನನ್ನು ತೆಗೆದು ಹನುಮಂತಪ್ಪನಿಗೆ ಏನೋ ಹೇಳುತ್ತಿದ್ದ. ಹನುಮಂತಪ್ಪ ಎದ್ದು ನಿಂತು, ಮತ್ತೆ ಕೂತ. ಜಗಳ ಆಡದಿದ್ದರೆ ಸಾಕು ದೇವರೇ ಎಂದುಕೊಂಡು ಓಂಕಾರಮೂರ್ತಿ ಒಳಗೆ ಹೋದರು. ಮೂರೂವರೆಗೆ ಮತ್ತೆ ಕಣ್ಣು ಹಾಯಿಸಿದಾಗ ಇಬ್ಬರೂ ಒಂದೇ ಪೇಪರಿನ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಿದ್ದರು. ಅದೇನೆಂದು ಯೋಚಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಇನ್ನೂ ಆರು ತೀರ್ಪು ಬಾಕಿ ಇದ್ದವು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹತ್ತೊಂಬತ್ತನೆಯದು ಮುಗಿಯಿತು. ವರ್ಷ, ಸಂಪುಟ, ಪುಟ, ಎಲ್ಲ ಕರಾರುವಾಕ್ಕು. ಕರಿಸಿದ್ದಪ್ಪನವರು ವಾದವನ್ನು ಮೊದಲಿಂದ ಕೊನೆಯವರೆಗೆ ಓದಿ, "ಚೆನ್ನಾಗಿ ಬರ್ದಿದ್ದೀಯ ಕಣಯ್ಯ. ಅದ್ರಲ್ಲೂ ಪ್ಯಾರಾ ಹದಿನಾಲ್ಕು," ಎಂದರು. ಅವರು ಹೊಗಳಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಅರ್ಫಾತ್ ಮೂರು ಪ್ರತಿ ತೆಗೆದು, ತಾನು ವಾಪಸ್ ಕೊಟ್ಟಿದ್ದ ಅದೇ ಸ್ಟೇಪ್ಲರಿನಿಂದ ಪಿನ್ನು ಹೊಡೆದುಕೊಟ್ಟ. ಓಂಕಾರಮೂರ್ತಿ ಕಪ್ಪು ಕೋಟಿಗೆ ಒಂದೇ ತೋಳು ತೂರಿಸಿಕೊಂಡು ರಸ್ತೆ ದಾಟಿ ಓಡಿದರು.

ಕೋರ್ಟ್ ಹಾಲಿನಲ್ಲಿ ಎದುರುಪಕ್ಷದ ವಕೀಲೆ ಶಿರೀನ್ ತಾಜ್ ಕಾಯುತ್ತಿದ್ದರು. ಓಂಕಾರಮೂರ್ತಿಗಿಂತ ಹದಿನೈದು ವರ್ಷ ಚಿಕ್ಕವರು, ಎಂದೂ ದನಿ ಎತ್ತದವರು. ಅವರ ವಾದ ಹೋದ ವಾರವೇ ಸಲ್ಲಿಕೆಯಾಗಿತ್ತು. ಓಂಕಾರಮೂರ್ತಿ ಅವರ ಕೈಗೊಂದು ಪ್ರತಿ, ಹನುಮಂತಪ್ಪನ ಕೈಗೊಂದು ಪ್ರತಿ ಕೊಟ್ಟು, ಮೂರನೆಯದನ್ನು ನ್ಯಾಯಾಧೀಶರಿಗೆ ತಲುಪಿಸಿದರು. ಗಡಿಯಾರದಲ್ಲಿ ನಾಲ್ಕು ಇಪ್ಪತ್ತೆಂಟು.

ನ್ಯಾಯಾಧೀಶರು ಹಾಳೆ ತಿರುವಿದರು. ಎರಡು ತೀರ್ಪಿನ ಪುಸ್ತಕ ತರಿಸಿ ಪುಟ ತೆಗೆದು ನೋಡಿದರು. ಕನ್ನಡಕ ಸರಿಪಡಿಸಿಕೊಂಡರು.

"ವಕೀಲರೇ, ಈ ಸಲ ಎಲ್ಲ ಸರಿಯಾಗಿದೆ. ಇಷ್ಟು ಅಚ್ಚುಕಟ್ಟಾದ ಲಿಖಿತ ವಾದವನ್ನು ನಾನು ಈ ಕೋರ್ಟಿನಲ್ಲಿ ಕಂಡಿರಲಿಲ್ಲ. ಒಂದು ಕುಟುಂಬದ ಜಮೀನು ಪಾಲಾದಾಗ ನಡುವಿನವನಿಗೆ ಪಕ್ಕದ ಪಾಲುದಾರ ದಾರಿ ಬಿಡಲೇಬೇಕು ಎಂಬುದರಲ್ಲಿ ಇನ್ನು ಯಾರಿಗೂ ಸಂಶಯ ಉಳಿಯಬಾರದು."

ಓಂಕಾರಮೂರ್ತಿಗೆ ಬೆಳಗಿನಿಂದ ತಿಂದಿರದ ಹೊಟ್ಟೆ ತುಂಬಿಹೋಯಿತು. ಸಾರಾಯಿ ಕೇಸಿನ ದಿನ ನಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ತಿರುಗಿ ನೋಡಬೇಕೆನ್ನಿಸಿತು. ನೋಡುವಷ್ಟರಲ್ಲಿ ಹನುಮಂತಪ್ಪ ಕೈ ಮುಗಿದುಕೊಂಡು ಮುಂದೆ ಬಂದ.

"ಬುದ್ಧೀ, ನಂದೊಂದು ಅರಿಕೆ. ನಮ್ಮ ರುದ್ರನ ಮೇಲೆ ನಂಗೆ ಕೇಸು ಬ್ಯಾಡ. ವಾಪಸ್ ತಗೊಂಬುಡ್ತೀನಿ."

"ಮಾವ!" ಎಂದರು ಓಂಕಾರಮೂರ್ತಿ, ಕೋರ್ಟೆಂಬುದನ್ನೂ ಮರೆತು.

"ಯಾಕೆ? ರಾಜಿಯಾಯಿತೇ?" ಎಂದರು ನ್ಯಾಯಾಧೀಶರು.

"ಆಯ್ತು ಬುದ್ಧಿ. ಬೆಳಗಿಂದ ಒಂದೇ ಬೆಂಚಲ್ಲಿ ಕುಂತಿದ್ವು. ಒಂಬತ್ತು ವರ್ಸದಲ್ಲಿ ಇಷ್ಟೊತ್ತು ಜತೇಲಿ ಕುಂತಿದ್ದೇ ಇಲ್ಲ. ಎಲ್ಡೂವರೆಗೆ ಊರಿಂದ ರುದ್ರಂಗೆ ಫೋನ್ ಬಂತು. ನಾನೀಗ ಓಡಾಡೋ ಜಾಗಕ್ಕೆ ನಮ್ಮನೆ ಮಗ್ಳು ಅನಿತಾ ಕಲ್ಲುಕಂಬ ನಿಲ್ಸಿ ಸಿಮೆಂಟ್ ಹಾಕ್ತವ್ಳಂತೆ. ಯಾರಮ್ಮ ಹೇಳಿದ್ದು ಅಂತ ನಾನೇ ಫೋನ್ ಮಾಡಿ ಕೇಳ್ದೆ. ನಮ್ಮೆಜಮಾನ್ರೇ ಹೇಳವ್ರೆ, ಭದ್ರವಾಗಿ ಹಾಕ್ಸು ಅಂದವ್ರೆ, ಅಂದ್ಳು. ಇಲ್ಲಿ ನಂಗೆ ದಾರಿ ಕೊಡಿಸ್ತೀನಿ ಅನ್ನೋದು, ಅಲ್ಲಿ ದಾರಿ ಮುಚ್ಚಿಸೋದು! ದಾಯಾದಿ ರುದ್ರನೇ ವಾಸಿ ಬುದ್ಧಿ, ಮುಖಾಮುಖಿ ಬೇಲಿ ಹಾಕ್ದ."

"ಹಾಗಾದರೆ ನಿಮ್ಮ ತೋಟಕ್ಕೆ ದಾರಿ?"

"ಅನಿತಾನ ಕಡೆಯಿಂದ್ಲೇ ಬುದ್ಧಿ. ಅಲ್ಲಿ ಟಾರ್ ರಸ್ತೆನೂ ಹತ್ರ. ಅವಳ ಮೇಲೇ ಕೇಸು ಹಾಕ್ತೀನಿ. ರುದ್ರ ನನ್ನ ಕಡೆ ಸಾಕ್ಷಿ ಹೇಳ್ತಾನೆ. ನಮ್ಮಳಿಯಂದ್ರು ಬರ್ದಿರೋದು ಸಾಯೇಬ್ರೇ ಓದಿದ್ರಲ್ಲ, ಪಕ್ಕದ ಪಾಲ್ನೋರು ದಾರಿ ಬಿಡ್ಲೇಬೇಕು ಅಂತ."

ರುದ್ರಮೂರ್ತಿ ಹಿಂದಿನಿಂದ ತಲೆಯಾಡಿಸಿದ. ನ್ಯಾಯಾಧೀಶರ ತುಟಿಯಲ್ಲಿ ಸಣ್ಣ ನಗುವೊಂದು ಬಂದುಹೋಯಿತು. ಕೇಸು ವಾಪಸಾದ ಆದೇಶ ಬರೆಸಿ ಅವರು ಎದ್ದರು. ಒಂಬತ್ತು ವರ್ಷದ ಕೇಸು ಮೂರು ಸಾಲಿನಲ್ಲಿ ಮುಗಿಯಿತು.

ಓಂಕಾರಮೂರ್ತಿ ವರಾಂಡಕ್ಕೆ ಬಂದು ಕಂಬಕ್ಕೆ ಒರಗಿ ನಿಂತರು. ಫೋನು ಬಂತು.

"ರೀ, ಇಪ್ಪತ್ತಾರು ಕಂಬನೂ ನಿಂತ್ವು. ತಂತೀನೂ ಎಳೆದಾಯ್ತು. ಒಂದು ಕೋಳಿ ನುಸುಳಲ್ಲ," ಎಂದಳು ಅನಿತಾ. "ದೊಡ್ಡಪ್ಪ ಫೋನಲ್ಲಿ ಕೂಗಾಡಿದ್ರು, ಕೋರ್ಟಿಗೆ ಹೋಗ್ತೀನಿ ಅಂತ. ಹೋಗಿ, ನಮ್ಮನೇಲೇ ಲಾಯರಿದ್ದಾರೆ ಅಂದೆ. ಒಂದ್ಸಲ ಹಾಕಿದ ಬೇಲಿ ಯಾರೂ ಕೀಳ್ಸೋಕಾಗಲ್ಲ ಅಲ್ವಾ? ಹಂಗಂತ ಒಂದಷ್ಟು ತೀರ್ಪು ಹುಡ್ಕಿಡಿ."

ಪಕ್ಕದಲ್ಲಿ ಕರಿಸಿದ್ದಪ್ಪನವರು ನಿಂತಿದ್ದರು. ಫಲಿತಾಂಶ ನೋಡಲೆಂದು ನಿಧಾನವಾಗಿ ನಡೆದುಕೊಂಡು ಬಂದಿದ್ದರು. ಓಂಕಾರಮೂರ್ತಿ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು, "ಸರ್, ಬೇಲಿ ಹಾಕಿದ ಮೇಲೆ ದಾರಿ ಹಕ್ಕು ಹೋಗ್ತದೆ ಅನ್ನೋ ತೀರ್ಪು ನಿಮ್ಮ ಪುಸ್ತಕದಲ್ಲಿ ಇದ್ಯಾ?"

"ಎರಡಿತ್ತು ಕಣಯ್ಯ," ಎಂದರು ಕರಿಸಿದ್ದಪ್ಪ. "ಅವೆರಡೂ ಬುಕ್ಕಾಂಬುಧಿಯ ಈ ಜಮೀನಿಗೆ ಅನ್ವಯಿಸೋದೇ ಇಲ್ಲ, ಬೇಲಿ ಎಷ್ಟೇ ಭದ್ರವಾಗಿದ್ರೂ ಕಿತ್ತು ಹಾಕ್ಬೇಕು ಅಂತ ನೀನೇ ಬರ್ದಿದ್ದೀಯಲ್ಲ. ಪ್ಯಾರಾ ಹದಿನಾಲ್ಕು. ಬಹಳ ಚೆನ್ನಾಗಿದೆ."

ಫೋನಿನಲ್ಲಿ ಅನಿತಾ ರೀ, ರೀ ಎನ್ನುತ್ತಲೇ ಇದ್ದಳು. ಅಷ್ಟರಲ್ಲಿ ಹಾಲಿನಿಂದ ಶಿರೀನ್ ತಾಜ್ ಹೊರಗೆ ಬಂದರು. ಅವರ ಎಡಕ್ಕೆ ರುದ್ರಮೂರ್ತಿ, ಬಲಕ್ಕೆ ಹನುಮಂತಪ್ಪ. ಹನುಮಂತಪ್ಪನ ಹೊಸ ವಕಾಲತ್ತಿನ ಹಾಳೆಗೆ ಆಗಲೇ ರುಜು ಬಿದ್ದಿತ್ತು. ಓಂಕಾರಮೂರ್ತಿಯ ಮುಂದೆ ನಿಂತು ಅವರು ಎಂದಿನ ಮೆಲುದನಿಯಲ್ಲಿ ಹೇಳಿದರು, "ಸರ್, ಬೇಜಾರು ಮಾಡ್ಕೋಬೇಡಿ. ಹತ್ತೊಂಬತ್ತು ತೀರ್ಪನ್ನೂ ನಾನು ಮತ್ತೆ ಟೈಪ್ ಮಾಡ್ಬೇಕು. ಹಾಲಿಂದ್ಲೇ ನಿಮ್ಗೊಂದು ಮೆಸೇಜ್ ಹಾಕಿದ್ದೆ, ಸಾಫ್ಟ್ ಕಾಪಿ ಇದ್ರೆ ಒಂದ್ಸಲ ವಾಟ್ಸಪ್ ಮಾಡ್ತೀರಾ?"

"ನಾನು ಆಗ್ಲೇ ಕಳ್ಸಿದೀನಿ ಮೇಡಂ," ಎಂದ ಅರ್ಫಾತ್, ಗೇಟಿನ ಕಡೆಯಿಂದ ಓಡಿ ಬರುತ್ತ. "ನೀವು ಕೇಳಿ ಮೆಸೇಜ್ ಹಾಕಿದ್ರಲ್ಲ, ಅದು ಸಾರ್ ಕಂಪ್ಯೂಟರಲ್ಲಿ ಬಂದು ಕಾಯ್ತಾ ಇತ್ತು."